ತೂಕ ಯಾವ ಕಾಲಿನ ಮೇಲಿದೆ? ತಾಯ್ ಚಿ ಕುರಿತು ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿರುವ 63 ವರ್ಷದ ನಿವೃತ್ತ ಶಿಕ್ಷಕಿ. ಚೀನಾ ಮೂಲದ ನಿಧಾನಗತಿಯ ವ್ಯಾಯಾಮವಾದ ತಾಯ್ ಚಿಯ 24 ಭಂಗಿಗಳ ಕ್ರಮವನ್ನು ವಿಡಿಯೊ ನೋಡಿಕೊಂಡು ಕಲಿತು, ಪಕ್ಕದ ಮನೆಯವರ ಕಾಫಿ ಕಣದಲ್ಲಿ ದಿನಾ ಬೆಳಿಗ್ಗೆ ಮಾಡುತ್ತಿದ್ದೇನೆ. ನಿದ್ದೆ ಚೆನ್ನಾಗಿ ಬರುತ್ತಿದೆ, ಆದರೆ ಬಲಮಂಡಿಯ ಒಳಬದಿಯಲ್ಲಿ ನೋವು ಶುರುವಾಗಿದೆ. ಮಂಡಿಗೆ ಒಳ್ಳೆಯದೆಂದೇ ಆರಂಭಿಸಿದ ಅಭ್ಯಾಸವಿದು. ಬಿಟ್ಟುಬಿಡಲೇ?

ಉತ್ತರ: ಮಂಡಿ ಊದಿಕೊಂಡಿದ್ದರೆ, ನಡೆಯುವಾಗ ಸಿಕ್ಕಿಹಾಕಿಕೊಂಡಂತೆ ನಿಂತುಬಿಡುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಕುಸಿಯುತ್ತಿದ್ದರೆ ಮೊದಲು ಮೂಳೆ ತಜ್ಞರಿಗೆ ತೋರಿಸಿ. ಇವು ಯಾವುವೂ ಇಲ್ಲವೆಂದಾದರೆ ಅಭ್ಯಾಸ ಬಿಡುವ ಮುನ್ನ ನಿಮ್ಮ ಹೆಜ್ಜೆಯನ್ನು ಪರೀಕ್ಷಿಸಿ ನೋಡಿ.

ವಿಡಿಯೊ ನೋಡಿ ಕಲಿಯುವವರ ಕಣ್ಣು ಸಹಜವಾಗಿಯೇ ಕೈಗಳ ಮೇಲಿರುತ್ತದೆ. ಕಾಲಿನಿಂದ ಕಾಲಿಗೆ ತೂಕ ಯಾವಾಗ ದಾಟುತ್ತದೆ ಎಂಬುದು ಪರದೆಯ ಮೇಲೆ ಸುಲಭವಾಗಿ ಕಾಣುವುದಿಲ್ಲ. ಮಂಡಿಯು ಮುಖ್ಯವಾಗಿ ಮಡಚಿ ಬಿಡಿಸುವ ಕೀಲು, ತಿರುಗುವ ಕೆಲಸ ಸೊಂಟದ ಕೀಲಿನದು. ಮೈಭಾರವೆಲ್ಲ ಒಂದು ಪಾದದ ಮೇಲೆ ಕೂತಿರುವಾಗಲೇ ದೇಹವನ್ನು ತಿರುಗಿಸಿದರೆ ಪಾದ ಒಂದು ದಿಕ್ಕಿಗೆ, ತೊಡೆ ಇನ್ನೊಂದು ದಿಕ್ಕಿಗೆ ಎಳೆದು, ನಡುವೆ ಸಿಕ್ಕಿದ ಮಂಡಿ ತಿರುಚಿಕೊಳ್ಳುತ್ತದೆ. ತಾಯ್ ಚಿ ಕಲಿಯುವವರ ಮಂಡಿನೋವಿಗೆ ನಾನು ಹೆಚ್ಚಾಗಿ ಕಾಣುವ ಕಾರಣ ಇದೇ.

ಹೀಗೆ ಮಾಡಿ ನೋಡಿ. ಬಲಗಾಲಿನ ಮೇಲೆ ಪೂರ್ತಿ ನಿಂತು, ಎಡಗಾಲನ್ನು ಮುಂದೆ ಚಾಚಿ, ಹಿಮ್ಮಡಿಯನ್ನಷ್ಟೇ ನೆಲಕ್ಕೆ ತಾಗಿಸಿ. ಈಗ ಮೈಯನ್ನು ಹಿಂದಕ್ಕೆ ಓಲಿಸದೆ, ಉಸಿರು ಬಿಗಿಹಿಡಿಯದೆ, ಆ ಕಾಲನ್ನು ವಾಪಸು ತಂದುಕೊಳ್ಳಲು ಸಾಧ್ಯವಾಗಬೇಕು. ಸಾಧ್ಯವಾಗದಿದ್ದರೆ ನೀವು ಹೆಜ್ಜೆ ಇಡುತ್ತಿಲ್ಲ, ಹೆಜ್ಜೆಯ ಮೇಲೆ ಬೀಳುತ್ತಿದ್ದೀರಿ. ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ, ಮಂಡಿಯನ್ನು ಸ್ವಲ್ಪವೇ ಬಗ್ಗಿಸಿ ಎತ್ತರದ ನಿಲುವಿನಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಹಿಮ್ಮಡಿ ಊರಿ, ಅಂಗಾಲು ಪೂರ್ತಿ ನೆಲಕ್ಕೆ ಕೂತ ಮೇಲೆಯೇ ತೂಕ ಮುಂದಕ್ಕೆ ಬರಲಿ. ಬಂದಾಗ ಮಂಡಿ ಕಾಲಿನ ಎರಡನೆಯ ಬೆರಳಿನ ನೇರಕ್ಕಿರಲಿ, ಬೆರಳ ತುದಿಯನ್ನು ದಾಟದಿರಲಿ. ತಿರುಗಬೇಕಾದ ಕಡೆಗಳಲ್ಲಿ ಮೊದಲು ತೂಕ ತೆಗೆಯಿರಿ, ಆಮೇಲೆ ಪಾದ ತಿರುಗಿಸಿ.

ಕಣದ ವಿಷಯವನ್ನೂ ಹೇಳಬೇಕು. ಮಳೆನೀರು ನಿಲ್ಲದಿರಲೆಂದು ಕಣಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಒಂದೇ ದಿಕ್ಕಿಗೆ ಮುಖ ಮಾಡಿ ದಿನಾ ಆರಂಭಿಸಿದರೆ ಒಂದೇ ಮಂಡಿ ಯಾವಾಗಲೂ ಇಳಿಜಾರಿನ ಬದಿಗೆ ಸಿಗಬಹುದು. ಮಳೆಗಾಲದಲ್ಲಂತೂ ಪಾಚಿಗಟ್ಟಿದ ಸಿಮೆಂಟಿನ ಮೇಲೆ ನಿಲ್ಲಲೇಬೇಡಿ. ಜಗುಲಿ ಇಕ್ಕಟ್ಟಾಗಿದ್ದರೂ ಮೋಡದ ಕೈಗಳೆಂಬ ಭಂಗಿಯೊಂದನ್ನೇ ಅತ್ತಿಂದಿತ್ತ ಹತ್ತು ನಿಮಿಷ ಮಾಡಿದರೆ ಆ ದಿನದ ಅಭ್ಯಾಸಕ್ಕೆ ಧಾರಾಳವಾಯಿತು. ನೆಲವನ್ನು ಬಿಗಿಯಾಗಿ ಕಚ್ಚುವ ದಪ್ಪ ರಬ್ಬರಿನ ಶೂಗಳಿಗಿಂತ ತೆಳು ತಳದ ಕ್ಯಾನ್ವಾಸ್ ಶೂ ಲೇಸು.

ಮಂಡಿಗೆ ಒಳ್ಳೆಯದೆಂದು ನೀವು ಕೇಳಿದ್ದು ಸುಳ್ಳಲ್ಲ. 2016ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನವೊಂದರಲ್ಲಿ ಮಂಡಿ ಸವೆತವಿದ್ದ 204 ಮಂದಿಯ ಪೈಕಿ ಒಂದು ಗುಂಪಿಗೆ ವಾರಕ್ಕೆ ಎರಡು ಬಾರಿಯಂತೆ 12 ವಾರ ತಾಯ್ ಚಿ ಕಲಿಸಿ, ಇನ್ನೊಂದು ಗುಂಪಿಗೆ ಫಿಸಿಯೋಥೆರಪಿ ಕೊಟ್ಟಾಗ ಎರಡೂ ಗುಂಪಿನವರ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿತು. ಆದರೆ ಅಲ್ಲಿ ಕಲಿತವರ ಹೆಜ್ಜೆಯನ್ನು ತಿದ್ದಲು ಎದುರಿಗೆ ಗುರುವಿದ್ದರು. ಆದ್ದರಿಂದ ತಿಂಗಳಿಗೊಮ್ಮೆಯಾದರೂ ಬಲ್ಲವರ ಮುಂದೆ ಮಾಡಿ ತೋರಿಸಿ.

ಪ್ರಶ್ನೆ: ನಮ್ಮದು ನಿತ್ಯ ಶಿವಪೂಜೆ ನಡೆಯುವ ಮನೆ. ತಾಯ್ ಚಿ ಮಾಡಿದರೆ ಚೀನಾದ ತಾವೋ ಧರ್ಮವನ್ನು ಒಪ್ಪಿಕೊಂಡಂತೆ ಆಗುವುದೇ? (ಬೇಲೂರು)

ಉತ್ತರ: ಆಗುವುದಿಲ್ಲ. ಇದರಲ್ಲಿ ಆರಾಧ್ಯ ದೈವವಿಲ್ಲ, ಮಂತ್ರವಿಲ್ಲ, ದೀಕ್ಷೆಯ ಕಡ್ಡಾಯವೂ ಇಲ್ಲ. ಜಾಂಗ್ ಸಾನ್‌ಫೆಂಗ್ ಎಂಬ ತಾವೋ ಸಿದ್ಧನು ಇದನ್ನು ಕಂಡುಕೊಂಡನೆಂಬ ಐತಿಹ್ಯಕ್ಕೆ ಗಟ್ಟಿ ಆಧಾರವಿಲ್ಲ. ಇತಿಹಾಸಕಾರರು ಗುರುತಿಸುವ ಮೂಲ 17ನೆಯ ಶತಮಾನದ ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿ. ಅಲ್ಲಿ ಇದು ಯುದ್ಧಕಲೆಯಾಗಿತ್ತು. ಈಗ ಎಲ್ಲೆಡೆ ಕಲಿಸುವ 24 ಭಂಗಿಗಳ ಕ್ರಮವಾದರೋ 1956ರಲ್ಲಿ ಚೀನಾದ ಕ್ರೀಡಾ ಆಯೋಗವು ತಾಯ್ ಚಿಯ ಪ್ರಕಾರಗಳಲ್ಲೊಂದಾದ ಯಾಂಗ್ ಶೈಲಿಯನ್ನು ಸರಳಗೊಳಿಸಿ ಜನಸಾಮಾನ್ಯರ ವ್ಯಾಯಾಮವೆಂದು ಸಿದ್ಧಪಡಿಸಿದ್ದು. ಪೂಜೆ ಮುಗಿಸಿ ಮಾಡಿ, ಇಲ್ಲವೇ ಮಾಡಿ ಪೂಜೆಗೆ ಕೂರಿ.

ಪ್ರಶ್ನೆ: ಹಾಸನದಲ್ಲಿ ಯೋಗ ಕಲಿಸುತ್ತೇನೆ. ಕೆಲವು ವರ್ಷ ತಾಯ್ ಚಿ ಅಭ್ಯಾಸ ಮಾಡಿದ್ದೇನೆ. ಪಾರ್ಕಿಗೆ ವಾಕಿಂಗ್ ಬರುವ ಹಿರಿಯರು ಕಲಿಸಿಕೊಡಿ ಎನ್ನುತ್ತಿದ್ದಾರೆ. ಪ್ರತಿ ತರಗತಿಯನ್ನೂ ತಾವೋ ತತ್ವದ ಉಪನ್ಯಾಸದಿಂದ ಆರಂಭಿಸಬೇಕೆಂದಿದ್ದೇನೆ. ಏನು ಎಚ್ಚರ ವಹಿಸಬೇಕು?

ಉತ್ತರ: ಕಲಿಸಿ, ಆದರೆ ಉಪನ್ಯಾಸವನ್ನು ಕೈಬಿಡಿ. ಬೆಳಗಿನ ಚಳಿಯಲ್ಲಿ ಮೈ ಬಿಸಿಯಾಗುವ ಮೊದಲೇ ಹಿರಿಯರನ್ನು ನಿಲ್ಲಿಸಿಕೊಂಡು ತತ್ವ ಹೇಳುವುದು ಅವರ ಬೆನ್ನಿಗೂ ಒಳ್ಳೆಯದಲ್ಲ, ತತ್ವಕ್ಕೂ ಒಳ್ಳೆಯದಲ್ಲ. ಬದುಕಿರುವಾಗ ಮೆತ್ತಗಿರುವ ದೇಹ ಸತ್ತಾಗ ಸೆಟೆದುಕೊಳ್ಳುತ್ತದೆ ಎಂಬ ಮಾತು ತಾವೋ ತತ್ವದ ಮೂಲಗ್ರಂಥವಾದ ತಾವೋ ತೆ ಚಿಂಗ್‌ನ 76ನೆಯ ಅಧ್ಯಾಯದಲ್ಲಿ ಬರುತ್ತದೆ. ಅದನ್ನು ವಿವರಿಸಲು ಅರ್ಧ ಗಂಟೆ ತೆಗೆದುಕೊಳ್ಳುವ ಬದಲು ಇಬ್ಬರನ್ನು ಎದುರುಬದುರು ನಿಲ್ಲಿಸಿ, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಒಬ್ಬರು ನಿಧಾನವಾಗಿ ತಳ್ಳಲಿ. ತೋಳು ಬಿಗಿಹಿಡಿದು ಎದುರಿಸಿದವರ ಹಿಮ್ಮಡಿ ಕೂಡಲೇ ಮೇಲೇಳುತ್ತದೆ. ತಾಗಿದ ಕೈಯನ್ನು ಬಿಡದೆ, ಸೊಂಟವನ್ನಷ್ಟೇ ತಿರುಗಿಸಿ ದಾರಿ ಕೊಟ್ಟವರು ನಿಂತಲ್ಲೇ ನಿಂತಿರುತ್ತಾರೆ, ತಳ್ಳಿದವರೇ ಮುಗ್ಗರಿಸುತ್ತಾರೆ. ನೋಡುತ್ತಿದ್ದವರು ತಾವಾಗಿಯೇ ಕಾರಣ ಕೇಳುತ್ತಾರೆ. ಆಗ ಎರಡು ವಾಕ್ಯ ಹೇಳಿದರೆ ಸಾಕು. ಬೀಳುವ ಭಯವಿರುವವರಿಗೆ ಈ ಜೋಡಿ ಅಭ್ಯಾಸ ಬೇಡ. ಅವರ ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಗಟ್ಟಿ ಕುರ್ಚಿಯಿರಲಿ.

ಯೋಗ ತರಗತಿಯಲ್ಲಿ ಶಿಷ್ಯರಿಗೆ ಮುಖ ಮಾಡಿ ಕೂರುವ ಅಭ್ಯಾಸ ನಿಮಗಿರಬಹುದು. ಇಲ್ಲಿ ಅದು ಎಡ-ಬಲದ ಗೊಂದಲಕ್ಕೆ ದಾರಿ, ಹಾಗಾಗಿ ಬೆನ್ನು ತೋರಿಸಿ ನಿಲ್ಲಿ. ಭಂಗಿಗಳ ಸರಣಿ ನಡುನಡುವೆ ದಿಕ್ಕು ಬದಲಿಸುವುದರಿಂದ ಮುಂದಿದ್ದ ಗುರು ಹಿಂದಾಗುತ್ತಾರೆ, ಹೊಸಬರು ಕತ್ತು ತಿರುಗಿಸಿ ನೋಡಲು ಹೋಗಿ ಆಯ ತಪ್ಪುತ್ತಾರೆ. ಸ್ವಲ್ಪ ಕಲಿತ ನಾಲ್ವರನ್ನು ನಾಲ್ಕು ಮೂಲೆಗೆ ನಿಲ್ಲಿಸಿದರೆ ಯಾವ ಕಡೆ ತಿರುಗಿದರೂ ಹೊಸಬರ ಕಣ್ಣಿಗೆ ಒಬ್ಬರು ಸಿಗುತ್ತಾರೆ. ಒಂದು ದಿನಕ್ಕೆ ಒಬ್ಬರಲ್ಲಿ ಒಂದೇ ತಪ್ಪು ತಿದ್ದಿ, ಮುಟ್ಟಿ ತಿದ್ದುವ ಮುನ್ನ ಅನುಮತಿ ಕೇಳಿ. ಎಲ್ಲರೂ ತಮ್ಮ ಶಕ್ತಿಯ ಮುಕ್ಕಾಲು ಪಾಲಿನಷ್ಟೇ ಬಗ್ಗಲಿ, ಚಾಚಲಿ. ಉಸಿರಾಟದ ಬಗ್ಗೆ ಮೊದಲ ತಿಂಗಳುಗಳಲ್ಲಿ ಏನನ್ನೂ ಹೇಳಬೇಡಿ. ಪ್ರಾಣಾಯಾಮದ ಲೆಕ್ಕವನ್ನು ಇದಕ್ಕೆ ಜೋಡಿಸುವ ಆಸೆ ಯೋಗಶಿಕ್ಷಕರಿಗೆ ಸಹಜವಾಗಿಯೇ ಆಗುತ್ತದೆ, ಆದರೆ ಹೆಜ್ಜೆ ನಿಧಾನವಾದಾಗ ಉಸಿರು ತಾನೇ ನಿಧಾನವಾಗುತ್ತದೆ.

ಪ್ರಶ್ನೆ: ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ ನಾನು. ಕೊಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲ, ಕಣದಲ್ಲಿ ಹಣ್ಣು ಹರಡಿದಾಗಲೇ ಮಳೆ ಬರುತ್ತದೆ. ಎಲ್ಲವನ್ನೂ ಅದರ ಪಾಡಿಗೆ ಬಿಡು ಎನ್ನುವ ತಾವೋ ತತ್ವ ನಮ್ಮಂಥವರಿಗೆ ಹೇಗೆ ಹೊಂದುತ್ತದೆ?

ಉತ್ತರ: ಆ ತತ್ವ ಆಳುಗಳನ್ನು ಕರೆತರುವುದಿಲ್ಲ, ಮಳೆಯನ್ನು ನಿಲ್ಲಿಸುವುದೂ ಇಲ್ಲ. ಆದರೆ ಕೈಕಟ್ಟಿ ಕೂರು ಎಂದೂ ಅದು ಹೇಳಿಲ್ಲ. ದೊಡ್ಡ ರಾಜ್ಯವನ್ನು ಆಳುವುದು ಸಣ್ಣ ಮೀನು ಬೇಯಿಸಿದಂತೆ ಎಂದು ತಾವೋ ತೆ ಚಿಂಗ್‌ನ 60ನೆಯ ಅಧ್ಯಾಯ ಹೇಳುತ್ತದೆ. ಮಲೆನಾಡಿನ ಅಡುಗೆಮನೆಯಲ್ಲಿ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ: ಮೀನು ಹಾಕಿದ ಮೇಲೆ ಸೌಟು ಆಡಿಸುವುದಿಲ್ಲ, ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾರೆ. ಒಲೆ ಉರಿಯುತ್ತಿರುತ್ತದೆ, ಗಮನವೂ ಅಲ್ಲೇ ಇರುತ್ತದೆ, ಅನಗತ್ಯವಾದ ಕೈ ಮಾತ್ರ ಇರುವುದಿಲ್ಲ.

ನಿಮ್ಮ ಕೆಲಸದಲ್ಲಿ ಇದು ಈಗಾಗಲೇ ಇದೆ. ಹೂಮಳೆ ಬಂದ ಮೇಲೆ ಮೊಗ್ಗು ಅರಳಲು ಬೇಕಾದ ಎಂಟು ಹತ್ತು ದಿನಗಳನ್ನು ಯಾರೂ ಕಡಿಮೆ ಮಾಡಲಾರರು. ಮಳೆ ಬಾರದಿದ್ದಾಗ ರೊಬಸ್ಟಾ ತಳಿಯ ಕಾಫಿಗೆ ಸ್ಪ್ರಿಂಕ್ಲರ್ ಹಾಕುವುದನ್ನು ಯಾರೂ ಮರೆಯುವುದೂ ಇಲ್ಲ. ಕಷ್ಟವಿರುವುದು ಬೆಳಿಗ್ಗೆ ತೋಟದ ಆಳುಗಳನ್ನು ನೋಡಿಕೊಳ್ಳುವ ರೈಟರ್ ಬಂದು ಇವತ್ತು ಅರ್ಧದಷ್ಟೇ ಆಳು ಎಂದಾಗ. ಆ ಕ್ಷಣದಲ್ಲಿ ಭುಜ ಕಿವಿಯ ಕಡೆಗೆ ಏರುತ್ತದೆ, ಭಾರವೆಲ್ಲ ಕಾಲ್ಬೆರಳಿನ ಮೇಲೆ ಬರುತ್ತದೆ, ಮಾತು ಗಟ್ಟಿಯಾಗುತ್ತದೆ, ಬಂದಿರುವ ಆಳುಗಳೂ ಮುಖ ತಿರುಗಿಸುತ್ತಾರೆ. ಉತ್ತರ ಕೊಡುವ ಮೊದಲು ಭುಜ ಇಳಿಸಿ, ಹಿಮ್ಮಡಿಗೆ ಭಾರ ಬಿಟ್ಟು, ಒಮ್ಮೆ ಎಡಗಾಲಿಗೂ ಒಮ್ಮೆ ಬಲಗಾಲಿಗೂ ತೂಕ ದಾಟಿಸಿ. ನಿಂತಲ್ಲೇ ಆಗುವ, ಎದುರಿಗಿದ್ದವರಿಗೆ ಗೊತ್ತೂ ಆಗದ ಕೆಲಸ ಇದು. ಆಮೇಲೆ ಯಾವ ಬ್ಲಾಕಿನ ಹಣ್ಣು ಇನ್ನೆರಡು ದಿನ ಗಿಡದಲ್ಲಿ ತಡೆಯುತ್ತದೆ, ಯಾವುದು ಉದುರುತ್ತದೆ ಎಂದು ರೈಟರನ್ನೇ ಕೇಳಿ, ಬಂದವರನ್ನು ಉದುರುವ ಕಡೆಗೆ ಕಳುಹಿಸಿ.