ಸಂಡೂರಿನ ಕಾಡಿನಲ್ಲಿ ನೀಲಿ ನೊಣಹಿಡುಕವನ್ನು ನೋಡುವುದು ಹೇಗೆ?

ಎರಡು ಸಲ ಸಂಡೂರಿಗೆ ಹೋದರೂ ದನಿ ಮಾತ್ರ ಕೇಳಿತು, ಹಕ್ಕಿ ಕಾಣಲಿಲ್ಲ ಅಂದಿದ್ದೀರಿ. ಬಹುಶಃ ನೀವು ಜಾಸ್ತಿ ನಡೆದಿದ್ದೀರಿ. ಈ ಹಕ್ಕಿಗಾಗಿ ನಡೆಯಬಾರದು, ಕೂರಬೇಕು.

ಈ ಹಕ್ಕಿ, ಅಂದರೆ ಟಿಕೆಲ್ ನೀಲಿ ನೊಣಹಿಡುಕ, ಹೆಚ್ಚುಕಡಿಮೆ ಗುಬ್ಬಚ್ಚಿಯಷ್ಟೇ ಇರುತ್ತದೆ, ಸುಮಾರು 14 ಸೆಂ.ಮೀ. ಬಿಸಿಲು ಬೀಳುವ ಕುರುಚಲು ಗುಡ್ಡದಲ್ಲಿ ಹುಡುಕಬೇಡಿ. ಹಳ್ಳದ ಪಕ್ಕ ನೆರಳು ದಟ್ಟವಾಗಿರುವ ಕಡೆ ಬೆಳಗ್ಗೆಯೇ ಹೋಗಿ, ಅರ್ಧ ಗಂಟೆ ಸುಮ್ನೆ ಕೂತುಬಿಡಿ. ಮೊದಲು ಕಿವಿಗೆ ಕೆಲಸ ಕೊಡಿ. ಆರೇಳು ಸ್ವರಗಳ ಪುಟ್ಟ ಹಾಡು, ಸಣ್ಣ ಗೆಜ್ಜೆ ಅಲುಗಿಸಿದ ಹಾಗೆ. ಆಮೇಲೆ ದನಿ ಬಂದ ಕಡೆಯ ತಗ್ಗಿನ ಕೊಂಬೆಗಳನ್ನು ನೋಡಿ. ಹುಳ ಹಿಡಿಯಲು ಚಿಮ್ಮಿ ಹೋದ ಹಕ್ಕಿ ಎಷ್ಟೋ ಸಲ ಅದೇ ಕೊಂಬೆಗೆ ವಾಪಸ್ ಬರುತ್ತದೆ. ಅದರ ಹಿಂದೆ ಓಡದೆ ಬೈನಾಕ್ಯುಲರ್ ಅಲ್ಲೇ ಹಿಡಿದಿರಿ.

ಇನ್ನೊಂದು ವಿಷಯ. ನೆರಳಲ್ಲಿ ನೀಲಿ ಕಪ್ಪಾಗಿ ಕಾಣುತ್ತದೆ. ಹಾಗಾಗಿ ನೀಲಿಯನ್ನಲ್ಲ, ಎದೆಯ ಕಿತ್ತಳೆ ಬಣ್ಣವನ್ನು ಹುಡುಕಿ. ಅದರ ಕೆಳಗೆ ಹೊಟ್ಟೆ ಬಿಳಿ. ಹೆಣ್ಣಿನ ಬಣ್ಣ ಸ್ವಲ್ಪ ಮಂಕು.

ಚಳಿಗಾಲದಲ್ಲಿ ಕೆಂಪೆದೆಯ ನೊಣಹಿಡುಕವೂ ವಲಸೆ ಬರುತ್ತದೆ, ಎದೆಯ ಬಣ್ಣ ನೋಡಿ ಅದನ್ನೇ ಇದು ಅಂದುಕೊಳ್ಳಬೇಡಿ. ಅದು ಬಾಲ ಎತ್ತಿದಾಗ ಬುಡದ ಎರಡೂ ಬದಿ ಬಿಳಿ ಕಾಣುತ್ತದೆ.

ಮೊಬೈಲ್‌ನಲ್ಲಿ ಹಕ್ಕಿಯ ಹಾಡು ಹಾಕಿ ಮಾತ್ರ ಕರೆಯಬೇಡಿ. ಗೂಡು ಕಟ್ಟುವ ಕಾಲದಲ್ಲಂತೂ ಖಂಡಿತ ಬೇಡ. ಬೇರೆ ಗಂಡು ಬಂತೆಂದು ಅದು ಮರಿಗಳನ್ನು ಬಿಟ್ಟು ಜಗಳಕ್ಕೆ ಬರುತ್ತದೆ.