ಆ ಗುಡ್ಡ ಬೋಳಲ್ಲ, ಹುಲ್ಲೇ ಅದರ ಕಾಡು

ಪ್ರಶ್ನೆ: ನಮ್ಮೂರು ಕಳಸದ ಹತ್ತಿರ, ಈಗ ಇರುವುದು ಬೆಂಗಳೂರಿನಲ್ಲಿ. ಈ ಸಲ ಊರಿಗೆ ಹೋಗುವಾಗ ಕುದುರೆಮುಖದ ದಾರಿ ಹಿಡಿದೆವು. ಗುಡ್ಡದ ತುಂಬಾ ಬರೀ ಹುಲ್ಲು, ಸಂದಿಗಳಲ್ಲಿ ಮಾತ್ರ ಒಂದಿಷ್ಟು ಮರ. ಗಣಿಗೋಸ್ಕರ ಕಾಡು ಕಡಿದು ಹೀಗಾಯ್ತಾ ಅಂತ ಮಗಳು ಕೇಳಿದಳು. ಮಳೆಗಾಲದಲ್ಲಿ ಗೆಳೆಯರೆಲ್ಲ ಸೇರಿ ಅಲ್ಲಿ ಗಿಡ ನೆಡೋಣ ಅಂತಿದ್ದೇವೆ. ಯಾವ ಗಿಡ ಒಳ್ಳೆಯದು?
- ಓದುಗರೊಬ್ಬರು, ಬೆಂಗಳೂರು

ಉತ್ತರ: ದಯವಿಟ್ಟು ಅಲ್ಲಿ ಯಾವ ಗಿಡವನ್ನೂ ನೆಡಬೇಡಿ. ನಿಮ್ಮ ಮನಸ್ಸು ದೊಡ್ಡದು, ಆದರೆ ಆ ಗುಡ್ಡಕ್ಕೆ ಬೇಕಿರುವುದು ಹುಲ್ಲೇ. ಗಣಿ ತೋಡಿದ ಜಾಗ ಬೇರೆ ಇದೆ, ಆ ಕೆಲಸ 2005ರ ಕೊನೆಗೆ ನಿಂತೂ ಹೋಯಿತು. ನೀವು ನೋಡಿದ ಹುಲ್ಲು ಗಣಿಗಿಂತ ಎಷ್ಟೋ ಹಳೆಯದು. ನೀಲಗಿರಿ ಬೆಟ್ಟದಲ್ಲೂ ಇಂಥದೇ ಹುಲ್ಲುಗಾವಲು ಇದೆ. ಅಲ್ಲಿನ ಜೌಗು ಮಣ್ಣನ್ನು ಪರೀಕ್ಷೆ ಮಾಡಿದಾಗ 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಇದ್ದದ್ದು ಗೊತ್ತಾಯಿತು.

ಗುಡ್ಡದ ನೆತ್ತಿಯಲ್ಲಿ ಮಣ್ಣು ತೆಳು, ಗಾಳಿಯ ಹೊಡೆತ ಜಾಸ್ತಿ, ಬೇಸಿಗೆಯಲ್ಲಿ ಬೆಂಕಿ ಬೇರೆ. ಮರದ ಸಸಿ ನಿಲ್ಲುವುದು ಕಷ್ಟ. ಮಣ್ಣೂ ನೀರೂ ಇಳಿದು ಬಂದು ಸೇರುವ ಸಂದಿಗಳಲ್ಲಿ ಮಾತ್ರ ಮರ ಬೆಳೆಯುತ್ತದೆ. ಅದನ್ನೇ ಶೋಲಾ ಅನ್ನುವುದು. ಬಿಸಿಲಲ್ಲಿ ಹುಲ್ಲು ದಾಟಿ ಅದರೊಳಗೆ ಹತ್ತು ಹೆಜ್ಜೆ ಇಡಿ, ಗಾಳಿಯ ಸದ್ದು ಅಲ್ಲೇ ನಿಂತುಬಿಡುತ್ತದೆ. ಗಿಡ್ಡ ಮರಗಳ ಮೈತುಂಬಾ ಹಸಿರು ಪಾಚಿ, ಕಾಲಡಿ ಕೊಳೆತ ಎಲೆ ಮೆತ್ತಗೆ ಕುಸಿಯುತ್ತದೆ, ನೀವು ನೋಡನೋಡುತ್ತಿದ್ದ ಹಾಗೆ ಉಂಬಳ ಕಾಲು ಹತ್ತಿರುತ್ತದೆ. ಎಲ್ಲೋ ನೀರಿನ ಬದಿಯಲ್ಲಿ ಶಿಳ್ಳೆ ಹಕ್ಕಿ, ಥೇಟ್ ಮನುಷ್ಯರು ಶಿಳ್ಳೆ ಹಾಕಿದಂತೆ.

ಹುಲ್ಲಿನ ಬೇರು ಮಳೆಯನ್ನು ತಡೆದು ಮೆಲ್ಲಗೆ ಮಣ್ಣಿಗೆ ಇಳಿಸುತ್ತದೆ, ಅದು ಶೋಲಾದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ, ನೆನಪಿರಲಿ. ಕಾಟಿ, ಕಡವೆ ಸಂಜೆಗೆ ಮೇಯಲು ಬರುವುದೂ ಈ ಹುಲ್ಲಿಗೇ. ಹಿಂದೆ ಬೋಳುಗುಡ್ಡ ಅಂದುಕೊಂಡು ಇಂಥ ಕಡೆ ಅಕೇಶಿಯಾ ನೆಟ್ಟರು. ಅದರಡಿ ಹುಲ್ಲು ಸತ್ತಿತು, ಮೇವೂ ಹೋಯಿತು. ನನಗೆ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಅಲ್ಲದೆ ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ, ಅನುಮತಿ ಇಲ್ಲದೆ ಒಳಗೆ ಹೋಗುವಂತೆಯೂ ಇಲ್ಲ. ನೆಡಲೇಬೇಕು ಅಂದರೆ ನಿಮ್ಮ ಊರಿನ ತೋಟದ ಅಂಚಿನಲ್ಲಿ, ಹಳ್ಳದ ಬದಿಯಲ್ಲಿ, ಹಿಂದೆ ಮರ ಇದ್ದು ಕಡಿದ ಜಾಗ ಹುಡುಕಿ. ಹಲಸು, ನೇರಳೆ, ಅಲ್ಲಿನದೇ ಬೀಜದಿಂದ ಮಾಡಿದ ಸಸಿ ಸಾಕು.

ಪ್ರಶ್ನೆ: ಘಾಟಿ ರಸ್ತೆಯಲ್ಲಿ ಕೋತಿಗಳಿಗೆ ಬಾಳೆಹಣ್ಣು ಕೊಟ್ಟೆವು. ಜೊತೆಗಿದ್ದವರು ಅದು ಸಿಂಗಳೀಕ ಅಂದರು. ಹೌದಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೈ ಕಂದು, ಮುಖ ಕೆಂಪಗಿದ್ದರೆ ಅದು ಸಾಮಾನ್ಯ ಕೋತಿ. ಸಿಂಗಳೀಕದ ಮೈ ಕಪ್ಪು, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಅದಿಲ್ಲ. ಹೆಚ್ಚು ಹೊತ್ತು ಮರದ ಮೇಲೆಯೇ ಇರುತ್ತದೆ, ಕೊಂಬೆಗೆ ಕೊಂಬೆ ತಾಗಿರಬೇಕು ಅದಕ್ಕೆ. ಯಾವುದೇ ಆಗಲಿ, ತಿಂಡಿ ಕೊಡಬೇಡಿ. ರುಚಿ ಹತ್ತಿದ ಪ್ರಾಣಿ ರಸ್ತೆಗೆ ಇಳಿಯುತ್ತದೆ, ತಿರುವಿನಲ್ಲಿ ಬರುವ ಗಾಡಿ ಅದಕ್ಕೆ ಕಾಣುವುದಿಲ್ಲ.