ಪ್ರಿಮಿಟಿವೊ ವೈನಿಗೆ ಸಿಹಿ ಎಲ್ಲಿಂದ ಬಂತು?

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯಕ್ಕೆ ಹೋಗಿದ್ದೆ. ಲೆಚ್ಚೆ ನಗರದಲ್ಲಿ ಊಟದ ಜೊತೆ ‘ಪ್ರಿಮಿಟಿವೊ ದಿ ಮಂದೂರಿಯಾ’ ಎಂಬ ಕೆಂಪು ವೈನ್ ಕೊಟ್ಟರು. ಮೊದಲ ಗುಟುಕೇ ಜಾಮ್ ತಿಂದಂತೆ ಸಿಹಿ, ಹಿಂದೆಯೇ ಗಂಟಲಲ್ಲಿ ಉರಿ. ಇದಕ್ಕೆ ಸಕ್ಕರೆ ಬೆರೆಸುತ್ತಾರೆಯೇ? ‘ಪ್ರಿಮಿಟಿವೊ’ ಎಂದರೆ ಆದಿಮ ಕಾಲದ್ದು ಎಂದೇ?

ಉತ್ತರ: ಇಲ್ಲ, ಬೆರೆಸುವುದಿಲ್ಲ. ವೈನಿಗೆ ಸಕ್ಕರೆ ಹಾಕುವುದನ್ನು ಇಟಲಿಯ ಕಾನೂನು ನಿಷೇಧಿಸಿದೆ. ಪುಲಿಯಾದ ರೈತನಿಗಂತೂ ಅದರ ಅಗತ್ಯವೇ ಬೀಳದು. ಹಣ್ಣಿನಲ್ಲಿ ಸಕ್ಕರೆ ಮಿತಿ ಮೀರುವ ಮೊದಲೇ ಕೊಯ್ಲು ಮುಗಿಸುವುದು ಅವನ ಕಷ್ಟ.

ಒಂದು ವರ್ಷ ಆಗಸ್ಟ್ ಕೊನೆಯಲ್ಲಿ ಮಂದೂರಿಯಾದ ತೋಟವೊಂದರಲ್ಲಿ ನಾನೂ ಕೊಯ್ಲಿಗೆ ಇಳಿದಿದ್ದೆ. ಅಲ್ಲಿನ ಹಳೆಯ ತೋಟಗಳಲ್ಲಿ ತಂತಿಯಾಗಲಿ ಚಪ್ಪರವಾಗಲಿ ಇರುವುದಿಲ್ಲ. ಬಳ್ಳಿಯನ್ನು ಸವರಿ ಸವರಿ ಗಿಡ್ಡ ಗಿಡವಾಗಿ ನಿಲ್ಲಿಸುತ್ತಾರೆ. ಅದಕ್ಕೆ ‘ಅಲ್ಬೆರೆಲ್ಲೊ’ ಎಂದು ಹೆಸರು, ಪುಟ್ಟ ಮರ ಎಂದರ್ಥ. ದಿನವಿಡೀ ಸೊಂಟ ಬಗ್ಗಿಸಿಯೇ ಕೊಯ್ಯಬೇಕು. ಹಾಗೆ ಬಗ್ಗಿದಾಗ ಕಣ್ಣೆದುರಿಗೆ ಬಂದ ಗೊಂಚಲು ನೋಡಿ ಬೆರಗಾದೆ. ಒಂದೇ ಗೊಂಚಲಿನಲ್ಲಿ ಕೆಲವು ಹಣ್ಣುಗಳು ಸುಕ್ಕುಗಟ್ಟಿ ಒಣದ್ರಾಕ್ಷಿಯಾಗಿದ್ದವು, ಪಕ್ಕದವು ರಸ ತುಂಬಿ ಕಪ್ಪಾಗಿದ್ದವು, ಒಂದೆರಡು ಇನ್ನೂ ನಸುಗೆಂಪು ಕಾಯಿಗಳು. ಈ ತಳಿಯ ಸ್ವಭಾವವೇ ಅದು. ಕಾಯಿ ಮಾಗಲೆಂದು ಎರಡು ದಿನ ಕಾದರೆ ಇನ್ನಷ್ಟು ಹಣ್ಣು ಒಣಗುತ್ತದೆ. ನಿಮ್ಮ ನಾಲಿಗೆಗೆ ಜಾಮ್ ರುಚಿ ಹತ್ತಿಸಿದ್ದು ಆ ಒಣಗಿದ ಹಣ್ಣು.

ಸಕ್ಕರೆಯ ಬಹುಭಾಗ ಹುದುಗಿ ಆಲ್ಕೋಹಾಲ್ ಆಗುತ್ತದೆ. ಈ ವೈನಿನಲ್ಲಿ ಅದು ಶೇ. 13.5ಕ್ಕಿಂತ ಕಡಿಮೆ ಇರುವಂತಿಲ್ಲ, ಶೇ. 14.5 ಸಾಮಾನ್ಯ. ಆಲ್ಕೋಹಾಲ್ ತಾನೂ ಸಿಹಿಯ ಭಾಸ ತರುತ್ತದೆ. ಕೆಲವು ತಯಾರಕರು ಹಣ್ಣಿನ ಸಕ್ಕರೆಯನ್ನು ಪೂರ್ತಿ ಹುದುಗಲು ಬಿಡದೆ ಸ್ವಲ್ಪ ಉಳಿಸುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ, ಊಟದ ನಡುವೆಯೇ ಬಾಯಿ ಕಟ್ಟಿಬಿಡುತ್ತದೆ. ಸಿಹಿ ಬೇಕೆನ್ನುವವರಿಗೆ ‘ದೋಲ್ಚೆ ನತುರಾಲೆ’ ಎಂಬ ಬೇರೆಯದೇ ಬಗೆ ಇದೆಯಲ್ಲ!

ಹೆಸರಿಗೂ ಆದಿಮಾನವನಿಗೂ ಸಂಬಂಧವಿಲ್ಲ. ಮೊದಲು ಮಾಗುವುದು ಎಂದಷ್ಟೇ ಅರ್ಥ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೋಯಾ ದೆಲ್ ಕೊಲ್ಲೆ ಎಂಬ ಊರಿನ ಪಾದ್ರಿ ಫ್ರಾಂಚೆಸ್ಕೊ ಫಿಲಿಪ್ಪೊ ಇಂದೆಲ್ಲಿಕಾತಿ, ಮಿಕ್ಕವುಗಳಿಗಿಂತ ಬೇಗ ಮಾಗುತ್ತಿದ್ದ ಬಳ್ಳಿಗಳನ್ನು ಆರಿಸಿ ಬೆಳೆಸಿದರು. ಕ್ಯಾಲಿಫೋರ್ನಿಯಾದ ಜಿನ್‌ಫಂಡೆಲ್ ಕೂಡ ಇದೇ ತಳಿ. ಎರಡರ ಮೂಲವೂ ಏಡ್ರಿಯಾಟಿಕ್ ಸಮುದ್ರದ ಆಚೆ ದಡದ ಕ್ರೊಯೇಷಿಯಾ ಎಂದು 2001ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು.

ಗಂಟಲ ಉರಿಗೆ ಬೇಸಿಗೆಯ ಸೆಕೆಯನ್ನು ದೂರಬೇಕು. ಬೆಚ್ಚಗಾದರೆ ಇಂಥ ವೈನಿನಲ್ಲಿ ಆಲ್ಕೋಹಾಲ್ ಮುಂದೆ ನುಗ್ಗುತ್ತದೆ. ಕುಡಿಯುವ ಮುನ್ನ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, 16 ಡಿಗ್ರಿಯ ಆಸುಪಾಸಿಗೆ ಬಂದರೆ ಸಾಕು. ಮತ್ತೆ ಹೋದಾಗ ಅಲ್ಬೆರೆಲ್ಲೊ ತೋಟದ ಬಾಟಲಿಯನ್ನೇ ಕೇಳಿ ಪಡೆಯಿರಿ. ಬಳ್ಳಿ ಕಿತ್ತುಹಾಕಿದವರಿಗೆ ಯುರೋಪಿಯನ್ ಒಕ್ಕೂಟ ಹಣ ಕೊಟ್ಟ ವರ್ಷಗಳಲ್ಲಿ ಅಂಥ ಹಳೆಯ ತೋಟಗಳು ಬಹಳಷ್ಟು ಹೋಗಿಬಿಟ್ಟವು. ನಾವು ಕೊಯ್ಯುತ್ತಿದ್ದ ಸಾಲಿನ ಪಕ್ಕದಲ್ಲೇ ಅಂಥದೊಂದು ಇತ್ತಂತೆ. ನಾನು ಕಂಡದ್ದು ಬರೀ ಕೆಂಪು ನೆಲ.